ಕಾಂಕಾರ್ಡ್ ಸೀಟಿನಲ್ಲಿ ಬಿಸ್ಕತ್ತಿನ ಪುಡಿ

“ಎಂತ ಮಾರಾಯ್ರೆ ಇದು! ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ ಉಂಟಲ್ಲ?”

ಕುವೈತಿನ ಫರ್ವಾನಿಯಾದ ನಮ್ಮ ಫ್ಲ್ಯಾಟಿನಲ್ಲಿ ಕುಳಿತು, ನನ್ನ ಮೊಬೈಲಿನ ಫೋಟೊವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದ ಪಕ್ಕದ ಮನೆಯ ಲೂವಿಸಣ್ಣ ಕೂಗಿದರು. ರಜೆಗೆ ಇಂಗ್ಲೆಂಡಿಗೆ ಹೋಗಿದ್ದಾಗ, ಮ್ಯೂಸಿಯಂ ಒಂದರಲ್ಲಿ ಇಟ್ಟಿರುವ ಕಾಂಕಾರ್ಡ್ ವಿಮಾನದೊಳಗೆ ನಾನು ತೆಗೆದ ಫೋಟೊ ಅದು. ಆ ವಿಮಾನ ಶಬ್ದಕ್ಕಿಂತ ವೇಗವಾಗಿ ಹಾರುತ್ತಿತ್ತು ಎಂದು ನಾನು ಜಂಬದಿಂದ ವಿವರಿಸುತ್ತಿದ್ದೆ. ಕುವೈತ್ ಏರ್‌ಪೋರ್ಟಿನಲ್ಲಿ ಇಪ್ಪತ್ತು ವರ್ಷಗಳಿಂದ ವಿಮಾನಗಳ ಒಳಗೆ ಗುಡಿಸಿ ಒರೆಸುವ ಅವರಿಗೆ ಕಂಡದ್ದು ಪುಡಿ ಮಾತ್ರ.

“ಹಾರುವುದು ಬಿಟ್ಟರೆ ಗುಡಿಸುವುದೂ ಬಿಡುವುದಾ? ಈಗಲೇ ಆ ಮ್ಯೂಸಿಯಂನವರಿಗೆ ಬರೆಯಿರಿ” ಎಂದು ಪಟ್ಟು ಹಿಡಿದರು. ನಾನು ಸಂಕೋಚದಿಂದಲೇ ಲೂವಿಸಣ್ಣನ ಹೆಸರು, ಕೆಲಸ ತಿಳಿಸಿ ಇ-ಮೇಲ್ ಕಳಿಸಿದೆ.

ವಾರದೊಳಗೆ ಉತ್ತರ ಬಂತು. ಶುಚಿಯಾದ ಸೀಟಿನ ಹೊಸ ಫೋಟೊ ಇತ್ತು. ಲೂವಿಸ್ ಅವರು ಒಮ್ಮೆ ಬಂದು ಖುದ್ದಾಗಿ ಪರೀಕ್ಷಿಸಬೇಕೆಂಬ ಆಹ್ವಾನವೂ ಇತ್ತು. ಲೂವಿಸಣ್ಣ ಕನ್ನಡಕ ಹಾಕಿಕೊಂಡು ಫೋಟೊದ ಮೂಲೆ ಮೂಲೆಯನ್ನೂ ಜಾಲಾಡಿದರು. ಆಮೇಲೆ ಗಂಭೀರವಾಗಿ, “ಹಾಂ, ಈಗ ಪ್ಯಾಸೆಂಜರ್ ಹತ್ತಬಹುದು” ಎಂದರು.

ಅಂದಿನಿಂದ ಕಾಂಕಾರ್ಡ್ ನೋಡಿ ಬಂದದ್ದನ್ನು ನಾನು ಯಾರಿಗೂ ಹೇಳಿಕೊಳ್ಳುವುದಿಲ್ಲ. ಅದನ್ನು ಶುಚಿಯಾಗಿ ಕಾಪಾಡುವವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ ಎಂದು ಮಾತ್ರ ಹೇಳುತ್ತೇನೆ.