ಮಂಗಳಕ್ಕೆಂದು ಕೊರೆದ ಕಲ್ಲು

ಮಂಗಳ ಗ್ರಹದ ಮೇಲೆ ಎರಡು ಗಾಡಿಗಳು ಓಡಾಡುತ್ತಿದ್ದ ವರ್ಷ. ನಮ್ಮ ಪ್ರಯೋಗಾಲಯದವರು ಬಂಡೆಯೊಳಗಿನ ಪುಡಿ ತರಲು ನನ್ನನ್ನು ಸಾನಮಾವು ಎಂಬ ಊರಿನ ಕಾಡಂಚಿಗೆ ಕಳಿಸಿದ್ದರು. ಬೆಳಕಿಲ್ಲದ ಬಂಡೆಯೊಳಗೆ ಜೀವಾಣು ಬದುಕಿದ್ದರೆ ಮಂಗಳದ ಕಲ್ಲಿನಲ್ಲೂ ಹುಡುಕಬಹುದು ಎಂಬ ಲೆಕ್ಕ. ಆ ಪುಡಿಗೆ ಹೊರಗಿನ ಒಂದೇ ಒಂದು ಜೀವಾಣು ಸೇರಿಕೊಂಡರೂ ಎಲ್ಲ ವ್ಯರ್ಥ. ಉಳಿದಿದ್ದವು ಎರಡೇ ಶುದ್ಧ ಸೀಸೆ. ಐದು ಗಂಟೆಗೆ ಆನೆಗಳು ಇಳಿಯುತ್ತವೆ, ಅಷ್ಟರಲ್ಲಿ ಹೊರಡಿ ಎಂದು ಊರವರು ಎಚ್ಚರಿಸಿದ್ದರು.

ಕಲ್ಲು ಒಡೆಯುವ ಮುನಿಯಪ್ಪನವರ ಕೈಗೆ ಗ್ಲೌಸ್ ತೊಡಿಸಿ, ಉಳಿಯನ್ನು ಬೆಂಕಿಯಲ್ಲಿ ಕಾಯಿಸಿ ಕೊಟ್ಟೆ. ಮಧ್ಯಾಹ್ನದವರೆಗೆ ಬಡಿದು ಗೇಣಾಳದ ತೂತು ಕೊರೆದರು. ತಳದ ಪುಡಿ ತುಂಬಲು ನಾನು ಸೀಸೆ ತೆರೆಯುವಷ್ಟರಲ್ಲಿ ಅವರು ಬಗ್ಗಿ, ತೂತಿಗೆ ಬಾಯಿಟ್ಟು, ಉಫ್ ಎಂದು ದೂಳು ಊದಿದರು.

ನನಗೆ ಮೈಯೆಲ್ಲ ಉರಿದುಹೋಯಿತು. "ಏನ್ ಮಾಡಿದ್ರಿ ನೀವು?"

"ಕೈಗೆ ಹೇಳ್ಕೊಟ್ರಿ ಸಾ, ಬಾಯಿಗೆ ಏನೂ ಹೇಳ್ಲಿಲ್ವಲ್ಲ," ಎಂದು ಅವರೂ ಮುಖ ಗಂಟಿಕ್ಕಿದರು. "ನಲವತ್ತು ವರ್ಸದಿಂದ ಊದ್ಕೊಂಡೇ ಬಂದಿವ್ನಿ."

ಪಕ್ಕದಲ್ಲೇ ಇನ್ನೊಂದು ತೂತು ಶುರುವಾಯಿತು. ಈ ಸಲ ಅವರು ಬಾಯಿಗೆ ಟವೆಲ್ ಬಿಗಿದುಕೊಂಡರು. ಕಾಡಿನ ಕಡೆ ಕೊಂಬೆ ಮುರಿದ ಸದ್ದಾದಾಗ ಸುತ್ತಿಗೆ ಒಂದು ಗಳಿಗೆ ನಿಂತು, ಮತ್ತೆ ಬಡಿಯತೊಡಗಿತು. ಐದಕ್ಕೆ ಹತ್ತು ನಿಮಿಷವಿರುವಾಗ ಅವರು ಪಕ್ಕಕ್ಕೆ ಸರಿದು ಕೈಸನ್ನೆ ಮಾಡಿದರು. ಬೆವರು ತಡೆಯಲಾರದೆ ನಾನು ಮಾಸ್ಕನ್ನು ಕತ್ತಿಗೆ ಇಳಿಸಿಕೊಂಡಿದ್ದೆ. ಬಗ್ಗಿ ನೋಡಿದರೆ ದೂಳಿನಲ್ಲಿ ಏನೂ ಕಾಣಲಿಲ್ಲ.

ಊದಿಬಿಟ್ಟೆ.

ಮುನಿಯಪ್ಪನವರು ನಿಧಾನವಾಗಿ ಟವೆಲ್ ಬಿಚ್ಚಿದರು. "ನಿಮ್ ಬಾಯಿಗೂ ಯಾರೂ ಹೇಳ್ಕೊಟ್ಟಿಲ್ಲ ಬುಡಿ ಸಾ."

ನಾಳೆ ಮಂಗಳದಲ್ಲಿ ಜೀವ ಸಿಕ್ಕಿತು ಎಂದು ಯಾರಾದರೂ ಹೇಳಿದರೆ, ದೂಳು ಊದಿದ್ದು ಯಾರು ಎಂದು ನಾನು ಮೊದಲು ಕೇಳುತ್ತೇನೆ.