ನಾನು ಕೊಟ್ಟ ಒಂದು ಬಾಟಲಿ ರಕ್ತ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆಯ ಮಾರ್ಕೆಟ್ ಯಾರ್ಡಿನ ಒಂದು ಉಳ್ಳಾಗಡ್ಡಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲೇ ರಕ್ತದಾನ ಶಿಬಿರ ನಡೆದಾಗ ಹಮಾಲರ ಜೊತೆ ಸಾಲಿನಲ್ಲಿ ನಿಂತು, ಮೊದಲ ಸಲ ಒಂದು ಬಾಟಲಿ ರಕ್ತ ಕೊಟ್ಟೆ. ಹೆಂಡತಿಯ ಮುಂದೆ ಎರಡು ದಿನ ಜಂಬ ಕೊಚ್ಚಿಕೊಂಡೆ.

ಕೆಲವು ದಿನಗಳ ಮೇಲೆ ರಕ್ತನಿಧಿಯಿಂದ ಮರಾಠಿಯಲ್ಲಿ ಪತ್ರ ಬಂತು. ಖುದ್ದಾಗಿ ಬಂದು ಕಾಣಬೇಕು ಎಂದಿತ್ತು, ಕಾರಣ ಇರಲಿಲ್ಲ. ರಕ್ತದಲ್ಲಿ ದೋಷ ಅಂದರೆ ಆಗ ಎಲ್ಲರ ಮನಸ್ಸಿಗೂ ಏಡ್ಸ್ ಒಂದೇ ಬರುತ್ತಿತ್ತು. ಪತ್ರವನ್ನು ಕಿಸೆಯಲ್ಲಿ ಬಚ್ಚಿಟ್ಟುಕೊಂಡೆ. ಮನೆಯಲ್ಲಿ ನನ್ನ ತಾಟು, ಲೋಟ ಬೇರೆ ಮಾಡಿಕೊಂಡು ನಾನೇ ತೊಳೆದಿಡತೊಡಗಿದೆ. ಹೆಂಡತಿ ಎರಡು ದಿನ ನೋಡಿದಳು.

ಮೂರನೆಯ ದಿನ ಕೇಳಿಯೇಬಿಟ್ಟಳು. "ಏನಾಗೇದ್ರಿ ನಿಮಗ? ನಾ ಏನರ ತಪ್ಪು ಮಾಡೀನೇನು?"

ಪತ್ರ ಓದಿ, ನನ್ನ ಭಯವನ್ನೂ ಹೇಳಿದೆ. ಅವಳು ಪತ್ರವನ್ನು ಮಡಚಿ ನನ್ನ ಕಿಸೆಗೇ ಇಟ್ಟಳು. ಆಮೇಲೆ, "ನಾಳೆ ಇಬ್ಬರೂ ಹೋಗೂಣು" ಅಂದಳು.

ರಕ್ತನಿಧಿಯ ಡಾಕ್ಟರು ಸೊಲ್ಲಾಪುರದ ಹೆಣ್ಣುಮಗಳು. ನನ್ನ ಮರಾಠಿ ತೊದಲುವುದನ್ನು ಕೇಳಿ ಕನ್ನಡದಲ್ಲೇ ಮಾತಾಡಿದರು. "ಕೊಟ್ಟ ರಕ್ತ ಎಲ್ಲಾ ಪರೀಕ್ಷೆ ಮಾಡ್ತೀವ್ರಿ. ನಿಮ್ಮದರಾಗ ಹೆಪಟೈಟಿಸ್ ಬಿ ಸಿಕ್ಕದ. ಲಿವರಿನ ಸೋಂಕು ಅದು."

"ನನ್ನ ರಕ್ತ ಯಾರಿಗರ ಕೊಟ್ರೇನ್ರಿ?"

"ಯಾರಿಗೂ ಕೊಟ್ಟಿಲ್ಲ, ನಾಶ ಮಾಡೀವಿ. ಅದಕ್ಕ ಈ ಪರೀಕ್ಷೆ ಇರೂದು."

ಆ ಮಾತಿಗೆ ನನ್ನ ಕಣ್ಣು ತುಂಬಿ ಬಂತು. ಹೆಂಡತಿ ಮಾತ್ರ ತನಗೆ ಬೇಕಾದ್ದನ್ನು ಕೇಳಿದಳು. "ಒಂದ ತಾಟಿನ್ಯಾಗ ಉಂಡ್ರ ಬರ್ತದೇನ್ರಿ?"

"ಇಲ್ರಿ ಅಕ್ಕಾರ. ಗಡ್ಡದ ಬ್ಲೇಡು, ಹಲ್ಲಿನ ಬ್ರಶ್ಶು ಬ್ಯಾರೆ ಇಡ್ರಿ. ನೀವೂ ರಕ್ತ ತೋರಿಸ್ರಿ. ನಿಮಗ ಇಲ್ಲಂದ್ರ ಮುಂದ ಬರದಂಗ ಮೂರು ಇಂಜೆಕ್ಷನ್ ಅದಾವ. ಅವು ಮುಗಿಯೂತನಕಾ ಗಂಡ ಹೆಂಡತಿ ಜ್ವಾಕೀಲೆ ಇರ್ರಿ."

ಅವಳು ನಾಚಿ ತಲೆ ತಗ್ಗಿಸಿದಳು. ಮನೆಗೆ ಬಂದವಳೇ ನನ್ನ ತಾಟನ್ನು ಉಳಿದ ತಾಟುಗಳೊಳಗೆ ಸೇರಿಸಿದಳು.

ಅವಳಿಗೆ ಸೋಂಕಿರಲಿಲ್ಲ. ಮೂರೂ ಇಂಜೆಕ್ಷನ್ ತಪ್ಪದೆ ತೆಗೆದುಕೊಂಡಳು. ಆರು ತಿಂಗಳಾದ ಮೇಲೂ ನನ್ನ ರಕ್ತದಲ್ಲಿ ಅದು ಉಳಿದಿತ್ತು, ಆದರೆ ಲಿವರ್ ಚೆನ್ನಾಗಿತ್ತು. ವರ್ಷಕ್ಕೊಮ್ಮೆ ತೋರಿಸಿಕೊಂಡು ಬರುವುದು ರೂಢಿಯಾಯಿತು. ಸೋಂಕು ಎಲ್ಲಿಂದ ಬಂತೋ, ಊರಿನ ಡಾಕ್ಟರ ಸೂಜಿಯಿಂದಲೋ ಕ್ಷೌರದ ಕತ್ತಿಯಿಂದಲೋ, ತಿಳಿಯಲಿಲ್ಲ. ಹುಡುಕುವುದನ್ನು ಬಿಟ್ಟೆ. ಮುಂದೆ ಮಗಳು ಹುಟ್ಟಿದಳು. ಹುಟ್ಟಿದ ದಿನವೇ ಅವಳ ಪುಟ್ಟ ತೊಡೆಗೆ ಮೊದಲ ಇಂಜೆಕ್ಷನ್ ಹಾಕಿಸಿದೆವು. ಅವಳು ಕಿರುಚಿದ್ದಕ್ಕೆ ನಾವಿಬ್ಬರೂ ನಕ್ಕೆವು.

ರಕ್ತ ಕೊಡುವ ಹಾಗಿಲ್ಲದಿದ್ದರೂ ಪ್ರತಿ ಶಿಬಿರದಲ್ಲೂ ಮರಾಠಿ ಓದಲು ಬಾರದ ನಮ್ಮ ಕಡೆಯ ಹಮಾಲರಿಗೆ ಅರ್ಜಿ ತುಂಬಿಕೊಡುತ್ತಿದ್ದೆ. ಒಮ್ಮೆ ಕಲಬುರಗಿ ಕಡೆಯವನೊಬ್ಬ, "ನೀವ್ಯಾಕ ಕೊಡವಲ್ರಿ?" ಎಂದು ಕೇಳಿದ. ಹೊರಗಿನವರ ಮುಂದೆ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ, ಮಗಳ ಇಂಜೆಕ್ಷನ್ನಿನವರೆಗೂ ಹೇಳಿದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೋಡಿದ್ರ ಏನೂ ಗೊತ್ತಾಗೂದಿಲ್ಲಲ್ರಿ."

"ನನಗೂ ಗೊತ್ತಿದ್ದಿಲ್ಲಪ್ಪ."

ರಕ್ತ ಕೊಟ್ಟು, ಬಿಸ್ಕತ್ತು ತಿನ್ನುತ್ತ ಮತ್ತೆ ನನ್ನ ಹತ್ತಿರ ಬಂದ. "ಆ ಇಂಜೆಕ್ಷನ್ ಹುಡುಗರಿಗೆ ಎಲ್ಲಿ ಹಾಕ್ತಾರ್ರಿ? ಮನ್ಯಾಗ ಎರಡು ಅದಾವ."

ಚೀಟಿಯ ಮೇಲೆ ಆಸ್ಪತ್ರೆಯ ವಿಳಾಸ ಬರೆದು ಅವನ ಕೈಗೆ ಕೊಟ್ಟೆ.