ನಳಿನಕ್ಕನ ಮಗಳ ತುಲಾಭಾರ

ಕಾಪು ಮೀನು ಮಾರ್ಕೆಟಿನಲ್ಲಿ ಬಾಗಿಲಿನ ಹತ್ತಿರವೇ ಕೂತುಕೊಳ್ಳುವವಳು ನಳಿನಾಕ್ಷಿ. ಎಲ್ಲರಿಗೂ ನಳಿನಕ್ಕ. ಬೆಳಕು ಹರಿಯುವಾಗ ಮಲ್ಪೆ ಬಂದರಿನಲ್ಲಿ ಮೀನಿನ ಏಲಂಗೆ ನಿಲ್ಲುವುದು, ತಮ್ಮ ಜಿತೇಂದ್ರನ ಟೆಂಪೋದಲ್ಲಿ ಮೀನು ತರುವುದು, ಮಧ್ಯಾಹ್ನದ ಒಳಗೆ ಮಾರಿ ಮನೆಗೆ ಹೋಗುವುದು. ಗಂಡ ಬೋಟಿನವನು. ಸಮುದ್ರಕ್ಕೆ ಹೋದರೆ ಬರುವಾಗ ಬಂದ.

ಅವಳ ಬಾಯಿ ಜೋರು. ಯಾರಾದರೂ ಬಂಗುಡೆಯ ಕಿವಿರು ಎತ್ತಿ ಎತ್ತಿ ನೋಡಿದರೆ, "ಜಾತಕ ನೋಡ್ತೀರಾ ಅದರದ್ದು? ಮದುವೆ ಮಾಡ್ಲಿಕ್ಕೆ ಉಂಟಾ?" ಎನ್ನುತ್ತಾಳೆ. ಆದರೆ ಅದೇ ಗಿರಾಕಿ ಊಟ ಮಾಡಿಲ್ಲ ಅಂತ ಗೊತ್ತಾದರೆ ಸ್ವರ ಇಳಿಯುತ್ತದೆ. ಹಸಿದವರನ್ನು ನೋಡಿದರೆ ಅವಳಿಗೆ ಆಗುವುದಿಲ್ಲ.

ಮಗಳು ಒಬ್ಬಳೇ, ಸೌಮ್ಯಶ್ರೀ. ಮಣಿಪಾಲದಲ್ಲಿ ನರ್ಸಿಂಗ್ ಓದುತ್ತಾಳೆ. ಅಲ್ಲೇ ಪಿ.ಜಿ.ಯಲ್ಲಿ ವಾಸ.

ಪಿಯುಸಿ ಮಾಡುವಾಗ ಆ ಹುಡುಗಿಗೆ ಕಾಮಾಲೆ ಬಂದು ಮೈ ಕಡ್ಡಿ ಆಗಿತ್ತು. ಗಂಜಿತಿಳಿ ಕೊಟ್ಟರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗ ನಳಿನಕ್ಕ ಊರಿನ ದೇವಸ್ಥಾನದಲ್ಲಿ ಕೈಮುಗಿದು ಹರಕೆ ಹೇಳಿದಳು. ಮಗಳು ಎದ್ದು ಓಡಾಡಲಿ, ಅವಳ ತೂಕಕ್ಕೆ ಕುಚ್ಚಲಕ್ಕಿ ಕೊಟ್ಟು ತುಲಾಭಾರ ಮಾಡಿಸುತ್ತೇನೆ ಅಂತ.

ಮಗಳು ಎದ್ದಳು. ಕಾಲೇಜಿಗೂ ಸೇರಿದಳು. ಹರಕೆ ಮಾತ್ರ ಹಾಗೇ ಉಳಿಯಿತು. ಮರೆತು ಅಲ್ಲ. ಈ ಕಡ್ಡಿಯನ್ನು ತಕ್ಕಡಿಯಲ್ಲಿ ಕೂರಿಸಿದರೆ ದೇವರಿಗೆ ಕಡಿಮೆ ಕೊಟ್ಟ ಹಾಗೆ ಆಗುತ್ತದೆ, ಮೈ ತುಂಬಲಿ, ಆಮೇಲೆ ಅಂತ ನಳಿನಕ್ಕ ಕಾದಳು.

ಮೈ ತುಂಬಿತು ಸಹ. ಮಣಿಪಾಲದ ಮೊದಲ ವರ್ಷದಲ್ಲೇ. ಪರೋಟ, ನೂಡಲ್ಸ್, ಬೇಕರಿಯ ಪಫ್ಸು, ಓದುವಾಗ ಒಂದು ಪ್ಯಾಕೆಟು ಚಿಪ್ಸು. ಬೇಸಿಗೆ ರಜೆಗೆ ಬರುವಾಗ ಕೆನ್ನೆ ಉರುಟು ಆಗಿತ್ತು. ನಳಿನಕ್ಕನಿಗೆ ಹೊಟ್ಟೆ ತಂಪಾಯಿತು. ಜಿತೇಂದ್ರ ಅಕ್ಕನ ಮಗಳನ್ನು ಮೀನಿನ ಬಾಕ್ಸ್ ತೂಗುವ ಕಾಟದ ಮೇಲೆ ನಿಲ್ಲಿಸಿದ. ಅರುವತ್ತು ಕೆಜಿ.

"ಭಾರಿ ಅಂಜಲ್ ಮೀನಲ್ವಾ ಇದು? ಮಲ್ಪೆಯಲ್ಲಿ ಇಟ್ಟರೆ ಏಲಂಗೆ ಜಗಳ ಆದೀತು," ಎಂದ ಮಾವ.

ಎಲ್ಲರೂ ನಗಾಡಿದರು. ನಳಿನಕ್ಕ ಸೆರಗು ಬಾಯಿಗೆ ಇಟ್ಟುಕೊಂಡು ನಗಾಡಿದಳು. ಮಗಳೂ ನಗಾಡಿದಳು. ಮತ್ತೆ ಒಳಗೆ ಹೋದಳು, ಚಾ ಕುಡಿಯಲು ಕರೆದರೂ ಬರಲಿಲ್ಲ.

ಮಳೆಗಾಲ ಮುಗಿದ ಮೇಲೆ ತುಲಾಭಾರ ಅಂತ ನಿಶ್ಚಯ ಆಯಿತು.

ಕಾಲೇಜು ಶುರುವಾದ ಮೇಲೆ ನಳಿನಕ್ಕ ಒಂದು ಕೆಲಸ ಹಿಡಿದಳು. ವಾರಕ್ಕೆ ಎರಡು ಸಲ, ಹುರಿದ ಬಂಗುಡೆ, ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ, ಸಿಗಡಿ ಚಟ್ನಿ, ಯಾವುದು ಉಂಟೋ ಅದನ್ನು ಟಿಫಿನ್ ಬಾಕ್ಸಿಗೆ ಹಾಕಿ ಮಣಿಪಾಲದ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು. ನಮ್ಮ ಕಡೆ ಇದು ಹೊಸತಲ್ಲ. ಮದ್ದು, ಹೂ, ಮದುವೆ ಕಾಗದ, ಎಲ್ಲ ಬಸ್ಸಿನಲ್ಲೇ ಹೋಗುವುದು. ಕಂಡಕ್ಟರ್ ಎಡ್ವಿನ್, ಆ ಲೈನಿಗೆ ಹೊಸಬ, ಒಳ್ಳೆಯ ಹುಡುಗ. ಮಣಿಪಾಲದಲ್ಲಿ ಹುಡುಗಿ ಬಂದು ಚೀಲ ತೆಗೆದುಕೊಳ್ಳುತ್ತಾಳೆ. ಖಾಲಿ ಬಾಕ್ಸು ತೊಳೆದು ವಾಪಸು ಬರುತ್ತದೆ.

"ಕೊಟ್ಟೆಯಾ ಎಡ್ವಿನ್?"

"ಕೊಟ್ಟೆ ಅಕ್ಕ. ನಾನು ಬರುವ ಮೊದಲೇ ಸ್ಟಾಪಿನಲ್ಲಿ ನಿಂತಿರ್ತಾಳೆ. ನಿಮ್ಮ ಮಗಳು ಲಾಯ್ಕ ಆಗಿದ್ದಾಳೆ ಮಾರಾಯ್ರೆ, ಮೈಕೈ ತುಂಬಿ."

"ದೃಷ್ಟಿ ಹಾಕ್ಬೇಡ," ಎಂದು ನಳಿನಕ್ಕ ಅವನಿಗೂ ಎರಡು ಹುರಿದ ಮೀನು ಎಲೆಯಲ್ಲಿ ಕಟ್ಟಿ ಕೊಟ್ಟಳು.

ಮಗಳ ರೂಮಿನಲ್ಲಿ ಇನ್ನೊಬ್ಬಳು ಹುಡುಗಿ, ಪ್ರಣೀತಾ. ಕಾರ್ಕಳದವಳು. ಅಪ್ಪನಿಗೆ ಕಲ್ಲಿನ ಕೋರೆ ಉಂಟು. ಮೀನು ಬಿಡಿ, ಮೊಟ್ಟೆ ಸಹ ಒಳಗೆ ಬಾರದ ಮನೆ. ಮಗಳು ಫೋನಿನಲ್ಲಿ ಬರೇ ಹ್ಞೂಂ ಹ್ಞೂಂ ಹೇಳುವವಳು, ಡ್ಯೂಟಿ ಉಂಟಮ್ಮ, ಪರೀಕ್ಷೆ ಉಂಟಮ್ಮ. ಹಾಗಾಗಿ ನಳಿನಕ್ಕ ಪ್ರಣೀತಾಳ ಹತ್ತಿರ ಮಾತಾಡುವುದು ರೂಢಿ ಮಾಡಿಕೊಂಡಳು.

"ಊಟ ಮಾಡಿದ್ಲಾ ಮಗಾ ಅವಳು?"

"ಮಾಡಿದ್ಲು ಆಂಟಿ. ಬೂತಾಯಿ ಎರಡು ಸಲ ಹಾಕಿಕೊಂಡ್ಲು. ಇವತ್ತು ಹುಳಿ ಸ್ವಲ್ಪ ಜಾಸ್ತಿ ಇತ್ತಂತೆ, ಆದ್ರೆ ಹಾಗೇ ಲಾಯ್ಕ ಆಗ್ತದಂತೆ."

ಹುಳಿ ಜಾಸ್ತಿ ಆದದ್ದು ಹೌದು. ಮತ್ತೆ ನಂಬದೆ ಎಂತ ಮಾಡುವುದು? ಹತ್ತಿರದ ನೆಂಟರು ಸಹ ಇಷ್ಟು ಸರಿಯಾಗಿ ಸುದ್ದಿ ಹೇಳುವುದಿಲ್ಲ. ಪಾಪ, ಒಳ್ಳೆಯ ಹುಡುಗಿ, ಅಲ್ಲಿ ನನ್ನ ಮಗಳಿಗೆ ಅಕ್ಕನ ಹಾಗೆ ಇದ್ದಾಳೆ ಅಂತ ಮಾರ್ಕೆಟಿನಲ್ಲಿ ಎಲ್ಲರಿಗೂ ಹೇಳಿದಳು.

ಚೌತಿಗೆ ಸೌಮ್ಯಶ್ರೀ ಒಂದು ರಾತ್ರಿಗೆ ಮಾತ್ರ ಬಂದಳು. ಅಗಲದ ಚೂಡಿದಾರ, ಮೇಲೆ ಶಾಲು. ಮುಖ ಸಣ್ಣ ಆದ ಹಾಗೆ ಕಂಡಿತು. "ಎಂತ, ಇಳಿದಿದ್ದಿ?" ಎಂದು ಕೇಳಿದರೆ, "ನಿದ್ರೆ ಇಲ್ಲಮ್ಮ, ವಾರ್ಡಿನಲ್ಲಿ ಡ್ಯೂಟಿ" ಎಂದಳು. ಅದೂ ಸರಿಯೇ. ಮತ್ತೆ ಮನೆಗೆ ಬರಲಿಲ್ಲ. ಭಾನುವಾರವೂ ಡ್ಯೂಟಿ ಅಂತ.

ತುಲಾಭಾರದ ದಿನ ಬಂತು. ನಳಿನಕ್ಕ ಹೊಸ ಬಿಳಿ ಬಟ್ಟೆಯಲ್ಲಿ ಐದೈದು ಕೆಜಿಯ ಹನ್ನೆರಡು ಅಕ್ಕಿ ಗಂಟು ಕಟ್ಟಿದಳು. ಬೇಸಿಗೆಯ ಮೇಲೆ ಇನ್ನೂ ತುಂಬಿರಬಹುದು, ಕಡಿಮೆ ಆಗಬಾರದು ಅಂತ ಹದಿಮೂರನೆಯದನ್ನೂ ಕಟ್ಟಿದಳು. ಮಾರ್ಕೆಟಿನ ಹೆಂಗಸರು, ನೆರೆಯವರು, ಜಿತೇಂದ್ರ, ಎಲ್ಲ ಬಂದಿದ್ದರು. ಗಂಡ ಮಾತ್ರ ಸಮುದ್ರದಲ್ಲಿ.

ಹುಡುಗಿಯರು ಸೀದಾ ಮಣಿಪಾಲದಿಂದ ರಿಕ್ಷಾದಲ್ಲಿ ಬಂದು ಇಳಿದರು. ಮೊದಲು ಇಳಿದವಳು ಪ್ರಣೀತಾ. ದಪ್ಪ ಹುಡುಗಿ, ಕುಪ್ಪಸದ ಕೈ ಬಿಗಿ ಆಗಿ ಹೊಲಿಗೆ ಬಿಚ್ಚಿತ್ತು. ಫೋನಿನ ಸ್ವರ ಮಾತ್ರ ಕೇಳಿದ್ದ ನಳಿನಕ್ಕ ಪ್ರೀತಿಯಲ್ಲಿ ಅವಳ ಕೆನ್ನೆ ಸವರಿದಳು. ಅವಳ ಹಿಂದೆ ಮಗಳು. ಅದೇ ಅಗಲದ ಚೂಡಿದಾರ.

"ಸೀರೆ ತಂದಿದ್ದೇನೆ, ಉಟ್ಟುಕೋ."

"ಹೀಗೇ ಸಾಕಮ್ಮ. ತಡ ಆಗ್ತದೆ."

ಭಟ್ರು ಮಂತ್ರ ಹೇಳಿ ಹುಡುಗಿಯನ್ನು ತಟ್ಟೆಯಲ್ಲಿ ಕೂರಿಸಿದರು. ಅವಳು ಸರಪಳಿ ಹಿಡಿಯಲು ಕೈ ಎತ್ತಿದಾಗ ತೋಳಿನ ಬಟ್ಟೆ ಕೆಳಗೆ ಜಾರಿತು. ನಳಿನಕ್ಕ ನೋಡಿದಳು. ಮೊಣಕೈ ಗಂಟು ಮಾತ್ರ ಕಾಣುತ್ತಿತ್ತು. ಕಾಮಾಲೆ ಬಂದಾಗಿನ ಕೈ ಅದು.

ಜಿತೇಂದ್ರ ಆಚೆ ತಟ್ಟೆಗೆ ಗಂಟು ಇಡುತ್ತಾ ಹೋದ. ಎಂಟು ಇಟ್ಟಾಗ ಹುಡುಗಿಯ ತಟ್ಟೆ ಅಲುಗಿತು. ಒಂಬತ್ತನೆಯದು ಇಟ್ಟಾಗ ಮೇಲೆ ಬಂತು.

"ಸಾಕು," ಎಂದರು ಭಟ್ರು.

"ಇನ್ನೂ ಉಂಟಲ್ಲ," ಎಂದಳು ನಳಿನಕ್ಕ.

"ಸಮ ಆಯ್ತಮ್ಮ. ದೇವರು ಇದ್ದಷ್ಟೇ ತಗೊಳ್ಳುವುದು."

ನಾಲ್ಕು ಗಂಟು ನೆಲದಲ್ಲೇ ಉಳಿಯಿತು. ಬಂದವರು ಆ ಗಂಟು ನೋಡಿದರು, ಹುಡುಗಿಯನ್ನು ನೋಡಿದರು. ಹೆಂಗಸೊಬ್ಬಳು ಪಕ್ಕದವಳ ಕಿವಿಯಲ್ಲಿ, "ಹುಡುಗಿಗೆ ಎಂತದ್ದೋ ಸೀಕು ಉಂಟು," ಎಂದಳು. ನಳಿನಕ್ಕನಿಗೆ ಕೇಳಿತು. ಕೈಮುಗಿದುಕೊಂಡೇ ನಿಂತಳು. ಪ್ರಸಾದ ತೆಗೆದುಕೊಂಡಳು, ದಕ್ಷಿಣೆ ಕೊಟ್ಟಳು, ಬಂದವರಿಗೆ ಪಾನಕ ಕೊಡಿಸಿದಳು. ಮತ್ತೆ ಇಬ್ಬರು ಹುಡುಗಿಯರನ್ನೂ ಕರೆದುಕೊಂಡು ಬಾವಿಕಟ್ಟೆಯ ಹಿಂದೆ ಹೋದಳು.

ಮಗಳನ್ನು ಕೇಳಲಿಲ್ಲ. ಮೊದಲು ಪ್ರಣೀತಾಳ ಕಡೆ ತಿರುಗಿದಳು.

"ನಾನು ಕಳಿಸಿದ್ದು ಯಾರು ತಿಂದದ್ದು?"

ಆ ಹುಡುಗಿ ಸೆರಗಿನ ತುದಿ ತಿರುಚಿದಳು. "ನಾನು ಆಂಟಿ."

"ಎಲ್ಲ?"

"ಎಲ್ಲ. ಅವಳು ಒಂದು ಆಪಲ್ ತಿಂತಾಳೆ, ಹಾಲು ಹಾಕದ ಚಾ ಕುಡಿತಾಳೆ. ಬೇಡ ಅಂತ ನಾನು ಹೇಳಿದೆ. ಅವಳು, ನೀನು ಮೀನು ತಿನ್ನುವುದು ನಾನು ನಿನ್ನ ಮನೆಯಲ್ಲಿ ಹೇಳುವುದಿಲ್ಲ, ನಾನು ತಿನ್ನದೆ ಇರುವುದು ನೀನು ಅಮ್ಮನಿಗೆ ಹೇಳಬೇಡ ಅಂದ್ಲು."

"ಸ್ಟಾಪಿಗೆ ಬರುವುದು?"

"ನಾನೇ ಆಂಟಿ."

ಹಾಗಾದರೆ ಎಡ್ವಿನ್ ಲಾಯ್ಕ ಆಗಿದ್ದಾಳೆ ಎಂದದ್ದು ಇವಳನ್ನು. ನಳಿನಕ್ಕ ಅಷ್ಟು ತಿಂಗಳು ಸಾಕಿದ್ದು ಕಾರ್ಕಳದ ಕೋರೆಯವರ ಮಗಳನ್ನು.

"ನನಗೆ ಹುಳಿಯ ಲೆಕ್ಕ ಹೇಳಿದೆಯಲ್ಲ ನೀನು," ಎಂದಳು. ಸ್ವರ ಏರಲಿಲ್ಲ. ಬೈದರೆ ಆ ಹುಡುಗಿಗೂ ಸಮಾಧಾನ ಆಗುತ್ತಿತ್ತೋ ಏನೋ. ಬೈಯಲಿಲ್ಲ ಅಂತ ಅವಳು ಅಳಲು ಶುರು ಮಾಡಿದಳು.

ಆಗ ಮಗಳು ಬಾಯಿ ಬಿಟ್ಟಳು.

"ಅವಳಿಗೆ ಎಂತದ್ದೂ ಹೇಳ್ಬೇಡಮ್ಮ. ನಾನೇ ಮಾಡಿಸಿದ್ದು."

"ಯಾಕೆ?"

"ಯೂನಿಫಾರ್ಮ್ ಎರಡು ಸಲ ಬಿಚ್ಚಿ ಹೊಲಿಸಬೇಕಾಯ್ತು. ಕ್ಲಾಸಿನಲ್ಲಿ ನನಗೆ ತಿಮಿಂಗಿಲ ಅಂತ ಹೆಸರು. ಬೆಡ್ಡಿನ ಆಚೆ ಈಚೆ ಹೋಗುವಾಗ, ಜಾಗ ಬಿಡಿ, ತಿಮಿಂಗಿಲ ಬಂತು ಅಂತ ಹೇಳ್ತಿದ್ರು."

"ನನಗೆ ಹೇಳ್ಬಹುದಿತ್ತಲ್ಲ?"

"ಮಾವ ಅಂಜಲ್ ಅಂದಾಗ ನೀನೂ ನಗಾಡಿದೆ."

ನಗಾಡಿದ್ದು ಹೌದು. ಆದರೆ ನಳಿನಕ್ಕನ ಸಿಟ್ಟು ಇಳಿಯಲಿಲ್ಲ. ನಗಾಡಿದ್ದು ಒಂದು ದಿನ. ಇವರು ಸುಳ್ಳು ಹೇಳಿದ್ದು ವಾರ ವಾರ, ಖಾಲಿ ಬಾಕ್ಸು ತೊಳೆದು ತೊಳೆದು. ಅವಳು ಬೆಂಕಿಯ ಎದುರು ಕೂತು ಮುಳ್ಳು ಕಡಿಮೆ ಇರುವ ಮೀನನ್ನೇ ಮಗಳಿಗೆ ಅಂತ ಬದಿಗೆ ಇಟ್ಟದ್ದು, ಗಿರಾಕಿಗೆ ಇಲ್ಲ ಎಂದದ್ದು, ಎಲ್ಲ ನೆನಪಾಯಿತು.

"ನಡಿ," ಎಂದಳು. "ಎಲೆ ಹಾಕಿದ್ದಾರೆ. ಊಟಕ್ಕೆ ಕೂರಿ ಇಬ್ಬರೂ."

ಕೂತರು. ಪ್ರಣೀತಾ ಆ ದಿನ ತುತ್ತು ನುಂಗಲಾರದೆ ಎದ್ದಳು. ಸೌಮ್ಯಶ್ರೀ ಅನ್ನವನ್ನು ಎಲೆಯಲ್ಲಿ ಆಚೆ ಈಚೆ ಮಾಡಿದಳು. ನೋಡುವವರಿಗೆ ತಿಂದ ಹಾಗೆ ಕಾಣುತ್ತದೆ. ನಳಿನಕ್ಕ ಮೊದಲ ಸಲ ಸರಿಯಾಗಿ ನೋಡಿದಳು.

ಮರುದಿನ ಅವಳು ಮಾರ್ಕೆಟಿಗೆ ಹೋಗಲಿಲ್ಲ. ಮಗಳನ್ನು ಕರೆದುಕೊಂಡು ಮಣಿಪಾಲದ ಆಸ್ಪತ್ರೆಗೆ ಹೊರಟಳು. ಬಸ್ಸಿನಲ್ಲಿ ಎಡ್ವಿನ್ ಸಿಕ್ಕಿದ.

"ಇವಳು ಯಾರಕ್ಕ?" ಎಂದ, ಪಕ್ಕದಲ್ಲಿ ಕೂತವಳನ್ನು ತೋರಿಸಿ.

"ನನ್ನ ಮಗಳು."

ಅವನು ಟಿಕೆಟು ಹರಿಯುವುದನ್ನು ನಿಲ್ಲಿಸಿದ. "ಹಾಗಾದ್ರೆ ಆ ದಪ್ಪ ಹುಡುಗಿ? ನಾನು ಅವಳೇ ಅಂತ ಗ್ರಹಿಸಿದ್ದು."

"ನಾನೂ ಹಾಗೇ ಗ್ರಹಿಸಿದ್ದು," ಎಂದು ನಳಿನಕ್ಕ ಕಿಟಕಿಯ ಕಡೆ ತಿರುಗಿದಳು.

ಆಸ್ಪತ್ರೆಯ ಡಾಕ್ಟರಮ್ಮ ಒಳ್ಳೆಯವರು. ಇಂಥದ್ದು ಕಾಲೇಜಿನ ಮಕ್ಕಳಲ್ಲಿ ಬೇಕಾದಷ್ಟು ಉಂಟು, ಕೆಲವರು ಉಬ್ಬುತ್ತಾರೆ, ಕೆಲವರು ಬತ್ತುತ್ತಾರೆ, ಮನಸ್ಸಿನದ್ದೂ ಉಂಟು, ಸಮಯ ಬೇಕು ಎಂದರು. ಮಗಳನ್ನು ಮಾತ್ರ ಒಳಗೆ ಕೂರಿಸಿ ತುಂಬಾ ಹೊತ್ತು ಮಾತಾಡಿದರು. ನಳಿನಕ್ಕ ಹೊರಗೆ ಬೆಂಚಿನಲ್ಲಿ. ತನ್ನ ಹತ್ತಿರ ಹ್ಞೂಂ ಹ್ಞೂಂ ಮಾತ್ರ ಹೇಳುತ್ತಿದ್ದವಳು ಒಳಗೆ ಅಷ್ಟು ಹೊತ್ತು ಎಂತ ಹೇಳುತ್ತಾಳೆ ಅಂತ ಅವಳಿಗೆ ಅರ್ಥ ಆಗಲಿಲ್ಲ. ಕಡೆಗೆ ಡಾಕ್ಟರಮ್ಮ ಅವಳನ್ನು ಕರೆದು, "ಒತ್ತಾಯ ಮಾಡ್ಬೇಡಿ. ಅವಳ ಬಟ್ಟಲು ನೋಡ್ತಾ ಕೂರ್ಬೇಡಿ. ನಿಮಗೆ ನಂಬಿಕೆ ಉಂಟು ಅಂತ ಅವಳಿಗೆ ಗೊತ್ತಾಗ್ಲಿ," ಎಂದರು. ನಳಿನಕ್ಕ ಆಯಿತು ಎಂದಳು.

ಪಿ.ಜಿ. ಬಿಡಿಸಿದರು. ಈಗ ಸೌಮ್ಯಶ್ರೀ ಕಾಪುವಿನಿಂದಲೇ ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಪ್ರಣೀತಾ ಒಂದೆರಡು ಸಲ ಫೋನು ಮಾಡಿದಳು. ನಳಿನಕ್ಕ ಎತ್ತಲಿಲ್ಲ.

ಜಿತೇಂದ್ರ ಬಂದಾಗಲೆಲ್ಲ ತಮಾಷೆ ಮಾಡಲು ಬಾಯಿ ತೆರೆದು, ಅಕ್ಕನ ಮುಖ ನೋಡಿ ಮುಚ್ಚುತ್ತಾನೆ. ಮಗಳು ಸ್ವಲ್ಪ ಸ್ವಲ್ಪ ತಿನ್ನುತ್ತಾಳೆ. ಬೆಳಿಗ್ಗೆ ಒಂದು ದೋಸೆ, ರಾತ್ರಿ ಗಂಜಿ. ನಳಿನಕ್ಕ ಡಾಕ್ಟರಮ್ಮ ಹೇಳಿದ ಹಾಗೆ ಬಡಿಸಿ ಆಚೆ ತಿರುಗಿ ಪಾತ್ರೆ ತೊಳೆಯುತ್ತಾಳೆ.

ಮೊನ್ನೆ ಒಂದು ಸಂಜೆ ಸೌಮ್ಯಶ್ರೀ ತಾನಾಗಿಯೇ, "ಇನ್ನೊಂದು ಬಂಗುಡೆ ಉಂಟಾ ಅಮ್ಮ?" ಎಂದಳು. ನಳಿನಕ್ಕ ಕೊಟ್ಟಳು. ಕೊಟ್ಟು ಆಚೆ ತಿರುಗಿದಳು. ಮಗಳು ಬಟ್ಟಲು ಖಾಲಿ ಮಾಡಿ, ತೊಳೆದಿಟ್ಟು, ಓದಲು ಹೋದಳು.

ನಳಿನಕ್ಕ ಹಿಂದಿನ ಬಾಗಿಲು ತೆಗೆದಳು. ಮತ್ತೆ ಟಾರ್ಚು ಹಿಡಿದು ಹಿತ್ತಲಿಗೆ ಹೋದಳು. ಬಾಳೆಯ ಬುಡ ನೋಡಿದಳು, ಕಿಟಕಿಯ ಕೆಳಗೆ ನೋಡಿದಳು, ಬೆಕ್ಕು ಮಲಗುವ ಮೂಲೆ ನೋಡಿದಳು. ಎಲ್ಲಿಯೂ ಬಿಸಾಡಿದ್ದು ಏನೂ ಇರಲಿಲ್ಲ. ಹುಡುಗಿ ನಿಜವಾಗಿ ತಿಂದಿದ್ದಳು.

ಮರುದಿನ ಸಂಜೆ ಪುನಃ ಹೋಗಿ ನೋಡಿದಳು.